ಗೋಡೆಯ ಪಾಚಿಗೆ ಮುನ್ನ ಹಗ್ಗದ ಗಂಟು ನೋಡಿ
ಸಾನಪಾಡಾ ಪರಿಸರದ ಕಟ್ಟಡ ತೊಳೆಯುವ ಗುತ್ತಿಗೆದಾರರೂ ಸೊಸೈಟಿ ಪದಾಧಿಕಾರಿಗಳೂ ತಿಳಿದಿರಬೇಕಾದ ವಿಚಾರಗಳು

ನವಿಮುಂಬಯಿ: ಮಳೆಗಾಲ ಮುಗಿದು ಅಕ್ಟೋಬರ್ ಬಿಸಿಲು ಏರತೊಡಗಿದರೆ ಸಾನಪಾಡಾ, ಜುಯಿನಗರ, ವಾಶಿ, ನೆರೂಲ್ ಪರಿಸರದ ಸೊಸೈಟಿಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ. ಗೋಡೆ ಕಪ್ಪಾಗಿದೆ, ದೀಪಾವಳಿಗೆ ಮುನ್ನ ತೊಳೆಸಬೇಕು. ನಾಲ್ಕು ತಿಂಗಳ ಕಾಲ ನೈಋತ್ಯದಿಂದ ಬೀಸುವ ಮಳೆಗಾಳಿಗೆ ಮೈಯೊಡ್ಡಿದ ಗೋಡೆಗಳಲ್ಲಿ, ವಿಶೇಷವಾಗಿ ಪಶ್ಚಿಮ ಹಾಗೂ ದಕ್ಷಿಣದ ಮುಖಗಳಲ್ಲಿ, ತೇವ ಆರುವುದೇ ಇಲ್ಲ. ಅಲ್ಲಿ ಪಾಚಿ, ಹಾವಸೆ, ಬೂಷ್ಟು ಬೆಳೆಯುತ್ತವೆ. ಬಿಸಿಲಿಗೆ ಹಸಿರು ಒಣಗಿ ಕಪ್ಪು ಪಟ್ಟೆಯಾಗಿ ಉಳಿಯುತ್ತದೆ. ಥಾಣೆ ಖಾರಿಯ ಉಪ್ಪುಗಾಳಿ, ಸಾಯನ್-ಪನ್ವೇಲ್ ಹೆದ್ದಾರಿಯ ಹೊಗೆ, ತುರ್ಭೆಯ ಲಾರಿಗಳ ಧೂಳು ಇವೆಲ್ಲ ಅದರ ಮೇಲೆ ಪದರವಾಗಿ ಕೂರುತ್ತವೆ.

ಇದರಿಂದಾಗಿ ಒತ್ತಡದ ನೀರಿನಿಂದ ಕಟ್ಟಡದ ಹೊರಮೈ ತೊಳೆಯುವ ಉದ್ಯೋಗಕ್ಕೆ ಇಲ್ಲಿ ಬೇಡಿಕೆ ಇದೆ. ಈ ಕೆಲಸಕ್ಕೂ ತುಳು-ಕನ್ನಡಿಗರಿಗೂ ಹಲವು ಬಗೆಯ ಸಂಬಂಧವಿದೆ. ಸೊಸೈಟಿಗಳ ಕಾರ್ಯದರ್ಶಿ, ಕೋಶಾಧಿಕಾರಿ ಸ್ಥಾನದಲ್ಲಿದ್ದು ಗುತ್ತಿಗೆ ಕೊಡುವವರು ಇದ್ದಾರೆ. ಹೊಟೇಲಿನ ಮುಂಭಾಗ, ಹಿಂಬದಿಯ ಜಿಡ್ಡು ತೊಳೆಸುವ ಉದ್ಯಮಿಗಳಿದ್ದಾರೆ. ಅತ್ತ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಬಂದು ಮುಂಬಯಿ, ಥಾಣೆ, ನವಿಮುಂಬಯಿಗಳ ಕಟ್ಟಡ ಕೆಲಸದಲ್ಲಿ ದಶಕಗಳಿಂದ ದುಡಿಯುತ್ತಿರುವ ಶ್ರಮಿಕರೂ ಇದ್ದಾರೆ. ಏಳನೇ ಮಹಡಿಯ ಎತ್ತರದಲ್ಲಿ ಜೂಲಾದಲ್ಲಿ ಕುಳಿತವನು ಕೆಳಗಿನವನನ್ನು ಕನ್ನಡದಲ್ಲಿ ಕೂಗಿ ಕರೆಯುವುದು ಈ ಭಾಗದಲ್ಲಿ ಅಪರೂಪವೇನಲ್ಲ. ಆದುದರಿಂದ ಕಡಿಮೆ ದರಕ್ಕೆ ಕೆಲಸ ಒಪ್ಪಿಕೊಂಡವನ ಲಾಭ-ನಷ್ಟದ ಜತೆಗೆ ಹಗ್ಗಕ್ಕೆ ಜೋತವನ ಪ್ರಾಣದ ಪ್ರಶ್ನೆಯೂ ಇಲ್ಲಿದೆ.

ಮೊದಲು ತಟ್ಟಿ ನೋಡಿ

ಕಟ್ಟಡ ನೋಡಲು ಹೋದ ದಿನವೇ ದರ ಹೇಳುವ ಅವಸರ ಬೇಡ. ಕೈಗೆಟುಕುವ ಕಡೆಯಲ್ಲೆಲ್ಲ ಪ್ಲಾಸ್ಟರನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಬೇಕು. ಟೊಳ್ಳು ಸದ್ದು ಬಂದರೆ ಪ್ಲಾಸ್ಟರು ಗೋಡೆಯಿಂದ ಬಿಟ್ಟಿದೆ ಎಂದರ್ಥ. ಅಂಥಲ್ಲಿ ಒತ್ತಡದ ನೀರು ಹಾಯಿಸಿದರೆ ತುಂಡು ತುಂಡಾಗಿ ಕೆಳಗೆ ಬೀಳುತ್ತದೆ. ಬಿರುಕಿರುವ ಕಡೆ ನೀರು ಒಳನುಗ್ಗಿ ಮನೆಯ ಒಳಗೋಡೆ ಒದ್ದೆಯಾಗುತ್ತದೆ. ಆಮೇಲೆ ದೂರು ಬರುವುದು ಗುತ್ತಿಗೆದಾರನ ಮೇಲೆಯೇ.

ಚಜ್ಜಾ, ಬಾಲ್ಕನಿಯ ಅಡಿಭಾಗಗಳಲ್ಲಿ ಕಂದು ಬಣ್ಣದ ಗೆರೆ ಇಳಿದಿದ್ದರೆ ಅದನ್ನು ಬರಿಯ ಕಲೆ ಎಂದು ತಿಳಿಯಬಾರದು. ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿಯುತ್ತಿರುವ ಸೂಚನೆ ಅದಾಗಿರಬಹುದು. ಖಾರಿಯ ಅಂಚಿನ ಉಪ್ಪುಗಾಳಿಯಲ್ಲಿ ಈ ತೊಂದರೆ ಬೇಗ ಬರುತ್ತದೆ. ತೊಳೆದು ಮರೆಮಾಚುವ ಬದಲು ಫೋಟೊ ತೆಗೆದು ಕಮಿಟಿಗೆ ಲಿಖಿತವಾಗಿ ತಿಳಿಸುವುದು ಒಳ್ಳೆಯ ಗುತ್ತಿಗೆದಾರನ ಲಕ್ಷಣ. ಮಹಾರಾಷ್ಟ್ರದ ಗೃಹನಿರ್ಮಾಣ ಸೊಸೈಟಿಗಳ ಮಾದರಿ ಉಪನಿಯಮಗಳಂತೆ 15ರಿಂದ 30 ವರ್ಷದ ಕಟ್ಟಡಗಳಿಗೆ 5 ವರ್ಷಕ್ಕೊಮ್ಮೆ, 30 ವರ್ಷ ದಾಟಿದವಕ್ಕೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. 1990ರ ದಶಕದಲ್ಲಿ ಎದ್ದ ಕಟ್ಟಡಗಳು ಈಗ ಈ ಎರಡನೆಯ ಗುಂಪಿಗೆ ಸೇರುತ್ತಿವೆ. ಆಡಿಟ್ ವರದಿ ಇದ್ದರೆ ಅದನ್ನು ಕೇಳಿ ಓದಿದ ನಂತರವೇ ಹಗ್ಗ ಇಳಿಬಿಡುವುದು ಕ್ಷೇಮ.

ಒತ್ತಡ ಎಷ್ಟಿರಬೇಕು?

ಯಂತ್ರದ ಒತ್ತಡವನ್ನು ಬಾರ್ ಅಥವಾ ಪಿಎಸ್‌ಐ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಬಾರ್ ಎಂದರೆ ಸುಮಾರು 14.5 ಪಿಎಸ್‌ಐ. ಕಾರು, ಬೈಕು ತೊಳೆಯುವ ಸಣ್ಣ ಯಂತ್ರಗಳು ಸಾಮಾನ್ಯವಾಗಿ 100ರಿಂದ 130 ಬಾರ್ ಕೊಡುತ್ತವೆ. ಗುತ್ತಿಗೆ ಕೆಲಸದ ಯಂತ್ರಗಳು 150ರಿಂದ 200 ಬಾರ್ ವರೆಗೆ ಹೋಗುತ್ತವೆ. ಯಂತ್ರದಲ್ಲಿ ಶಕ್ತಿ ಇದೆಯೆಂದು ಎಲ್ಲ ಕಡೆ ಅದನ್ನೇ ಬಳಸುವುದು ಹೊಸಬರು ಮಾಡುವ ಮೊದಲ ತಪ್ಪು.

ಸೊಸೈಟಿ ಅಂಗಳದ ಕಾಂಕ್ರೀಟು, ಪೇವರ್ ಬ್ಲಾಕ್‌ಗಳು 150 ಬಾರ್ ತಾಳಿಕೊಳ್ಳುತ್ತವೆ. ಬಣ್ಣ ಬಳಿದ ಪ್ಲಾಸ್ಟರಿಗೆ 40ರಿಂದ 60 ಬಾರ್ ಧಾರಾಳವಾಯಿತು. ಹಳೆಯ, ಮೃದುವಾದ ಪ್ಲಾಸ್ಟರಿಗೆ ತೋಟದ ಪೈಪಿನ ಒತ್ತಡಕ್ಕಿಂತ ಸ್ವಲ್ಪ ಹೆಚ್ಚು ಇದ್ದರೆ ಸಾಕು. ಅಲ್ಲಿ ಕೆಲಸ ಮಾಡಬೇಕಾದುದು ಔಷಧಿಯೇ ವಿನಾ ನೀರಿನ ಹೊಡೆತವಲ್ಲ.

ನೋಝಲ್‌ಗಳನ್ನು ಬಣ್ಣದಿಂದ ಗುರುತಿಸುವ ರೂಢಿಯಿದೆ. ಕೆಂಪು ಎಂದರೆ ಸೊನ್ನೆ ಡಿಗ್ರಿ, ಸೂಜಿಯಂತೆ ಒಂದೇ ಧಾರೆ. ಗೋಡೆಗೆ ಇದನ್ನು ಬಳಸಲೇಬಾರದು. ಹಳದಿ 15, ಹಸಿರು 25, ಬಿಳಿ 40 ಡಿಗ್ರಿ. ಕಪ್ಪು ನೋಝಲ್ ಸಾಬೂನು ನೀರು ಹಾಕಲು. ನೆಲಕ್ಕೆ ಹಸಿರು, ಗೋಡೆಗೆ ಬಿಳಿ ಎಂದು ನೆನಪಿಟ್ಟುಕೊಂಡರೆ ಹೆಚ್ಚಿನ ಅನಾಹುತ ತಪ್ಪುತ್ತದೆ. ನೋಝಲನ್ನು ಗೋಡೆಯಿಂದ ಎರಡು ಅಡಿ ದೂರದಲ್ಲಿ ಹಿಡಿದು ಆರಂಭಿಸಿ, ಅಗತ್ಯವಿದ್ದರೆ ಮಾತ್ರ ಹತ್ತಿರ ಸರಿಯಬೇಕು. ಮೊದಲು ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಒಂದು ಮೀಟರ್ ಚೌಕ ತೊಳೆದು, ಅದು ಒಣಗಿದ ಮೇಲೆ ಕಮಿಟಿಯವರಿಗೆ ತೋರಿಸಿ ಸಹಿ ಪಡೆದರೆ ಮುಂದೆ ಮಾತಿಗೆ ಮಾತು ಬೆಳೆಯುವುದಿಲ್ಲ.

ಏರ್‌ಕಂಡೀಶನರಿನ ಹೊರಘಟಕ, ಮೀಟರ್ ಕೋಣೆ, ಕಿಟಕಿಯ ರಬ್ಬರ್ ಅಂಚು, ಸೌರ ಫಲಕಗಳ ಮೇಲೆ ಒತ್ತಡದ ನೀರು ಬೀಳಬಾರದು. ಸೌರ ಫಲಕಗಳನ್ನು ಬಿಸಿಲೇರುವ ಮುನ್ನ ಮೃದುವಾದ ಬ್ರಶ್ಶಿನಿಂದ ತೊಳೆಯುವುದು ಕ್ರಮ. ಟಿಟಿಸಿ ಕೈಗಾರಿಕಾ ಪ್ರದೇಶದ ಶೆಡ್ಡುಗಳ ಹಳೆಯ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ಅವುಗಳನ್ನು ಒತ್ತಡದ ನೀರಿನಿಂದ ತೊಳೆಯುವ ಗುತ್ತಿಗೆಯನ್ನೇ ಒಪ್ಪಬಾರದು. ಅದರ ಎಳೆಗಳು ಎದ್ದು ಶ್ವಾಸಕೋಶ ಸೇರಿದರೆ ಮುಂದೆ ಕ್ಯಾನ್ಸರ್ ತರಬಲ್ಲವು. ಮೇಲಾಗಿ ಅಂಥ ಶೀಟು ಮನುಷ್ಯನ ಭಾರಕ್ಕೆ ಒಮ್ಮೆಲೇ ಮುರಿಯುತ್ತದೆ.

ಪಾಚಿಗೆ ಔಷಧಿ

ಬರೀ ನೀರಿನಿಂದ ತೊಳೆದ ಪಾಚಿ ಮುಂದಿನ ಮಳೆಗೆ ಮತ್ತೆ ಬರುತ್ತದೆ. ಅದರ ಬೇರು ರಂಧ್ರಗಳಲ್ಲಿ ಉಳಿದಿರುತ್ತದೆ. ಅದನ್ನು ಕೊಲ್ಲಲು ಸೋಡಿಯಂ ಹೈಪೋಕ್ಲೋರೈಟ್ ಬಳಸುತ್ತಾರೆ. ಅಂಗಡಿಯಲ್ಲಿ ಸಿಗುವ ಕ್ಯಾನಿನ ಬಲ ಸಾಮಾನ್ಯವಾಗಿ ಶೇ. 10ರ ಆಸುಪಾಸು. ಅಂಥ ಒಂದು ಲೀಟರಿಗೆ ಒಂಬತ್ತು ಲೀಟರ್ ನೀರು ಸೇರಿಸಿದರೆ ಶೇ. 1ರ ದ್ರಾವಣವಾಗುತ್ತದೆ. ಹಸಿರು ಪಾಚಿಗೆ ಇದು ಸಾಕು. ದಪ್ಪಗೆ ಕಟ್ಟಿದ ಕಪ್ಪು ಹಾವಸೆಗೆ ಶೇ. 2ರಿಂದ 3 ಬೇಕಾಗಬಹುದು. ಬಿಸಿಲು, ಸೆಕೆಗೆ ಇದರ ಬಲ ಕುಂದುವುದರಿಂದ ಆರು ತಿಂಗಳಿನ ದಾಸ್ತಾನು ಮಾಡದೆ ಆಗಾಗ ಹೊಸದಾಗಿ ಕೊಳ್ಳಬೇಕು.

ಹಚ್ಚುವಾಗ ಕೆಳಗಿನಿಂದ ಮೇಲಕ್ಕೆ, ತೊಳೆಯುವಾಗ ಮೇಲಿನಿಂದ ಕೆಳಕ್ಕೆ. ಒಣ ಗೋಡೆಯ ಮೇಲೆ ಔಷಧಿ ಇಳಿದು ಗೆರೆ ಬೀಳುವುದು ಇದರಿಂದ ತಪ್ಪುತ್ತದೆ. 10ರಿಂದ 15 ನಿಮಿಷ ಬಿಟ್ಟು, ಒಣಗುವ ಮೊದಲೇ ತೊಳೆಯಬೇಕು. ಬಿಸಿಲು ಬಿದ್ದ ಗೋಡೆಯಲ್ಲಿ ಅದು ಬೇಗ ಒಣಗುವುದರಿಂದ ಬೆಳಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನದ ನಂತರ ಪೂರ್ವದ ಗೋಡೆ ಎಂದು ನೆರಳು ನೋಡಿ ಕೆಲಸ ಹಂಚಿಕೊಳ್ಳಬೇಕು. ಬಾಲ್ಕನಿಯ ತುಳಸಿ, ಅಂಗಳದ ಗಿಡಗಳಿಗೆ ಮೊದಲೂ ನಂತರವೂ ಧಾರಾಳ ನೀರು ಹಾಯಿಸಿದರೆ ಎಲೆ ಸುಡುವುದಿಲ್ಲ. ತೊಳೆದ ಗೋಡೆಗೆ ಬಣ್ಣ ಬಳಿಯುವುದಿದ್ದರೆ ಪೂರ್ತಿ ಒಣಗಲು ಕನಿಷ್ಠ ಎರಡು ಮೂರು ದಿನ ಬಿಡಬೇಕು.

ಎಲ್ಲ ಕಲೆಗೂ ಒಂದೇ ಮದ್ದಲ್ಲ. ಕಬ್ಬಿಣದ ಗ್ರಿಲ್‌ನಿಂದ ಇಳಿದ ತುಕ್ಕಿನ ಕಲೆಗೆ ಬ್ಲೀಚು ನಾಟುವುದಿಲ್ಲ, ಆಕ್ಸಾಲಿಕ್ ಆಸಿಡ್ ಬೇಕು. ಇಟ್ಟಿಗೆ, ಪ್ಲಾಸ್ಟರಿನ ಮೇಲೆ ಬರುವ ಬಿಳಿ ಉಪ್ಪಿನ ಪುಡಿಯನ್ನು ಒಣ ಬ್ರಶ್ಶಿನಿಂದ ಉಜ್ಜಿ ತೆಗೆಯಬೇಕು. ನೀರು ಹೊಡೆದರೆ ಅದು ಒಳಗಿಳಿದು ಮತ್ತೆ ಹೊರಬರುತ್ತದೆ. ಹೊಟೇಲಿನ ಎಕ್ಸಾಸ್ಟ್ ಕೊಳವೆಯ ಕೆಳಗಿನ ಎಣ್ಣೆಜಿಡ್ಡಿಗೆ ಕ್ಷಾರದ ಡಿಗ್ರೀಸರ್ ಹಾಗೂ ಬಿಸಿನೀರು ಬೇಕು. ಅಮೃತಶಿಲೆ, ಕೋಟಾ ಕಲ್ಲಿಗೆ ಯಾವುದೇ ಆಸಿಡ್ ತಾಗಿಸಿದರೂ ಹೊಳಪು ಹೋಗಿ ಶಾಶ್ವತವಾಗಿ ಕಲೆ ಬೀಳುತ್ತದೆ. ಪಾಮ್ ಬೀಚ್ ರಸ್ತೆಯ ಗಾಜಿನ ಕಟ್ಟಡಗಳಿಗೆ ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರು ಬಳಸಿದರೆ ಒಣಗಿದ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ. ಅದಕ್ಕೆ ಲವಣ ತೆಗೆದ ನೀರೇ ಆಗಬೇಕು.

ಒಂದು ಎಚ್ಚರಿಕೆಯನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬ್ಲೀಚು ಮತ್ತು ಆಸಿಡನ್ನು ಎಂದಿಗೂ ಬೆರೆಸಬಾರದು. ಅವುಗಳಿಂದ ಹೊಮ್ಮುವ ಕ್ಲೋರಿನ್ ಅನಿಲ ಉಸಿರು ಕಟ್ಟಿಸಿ ಕೊಲ್ಲಬಲ್ಲದು. ಎರಡಕ್ಕೂ ಬೇರೆ ಬೇರೆ ಬಣ್ಣದ ಬಕೆಟು, ಕನ್ನಡ, ಹಿಂದಿ, ಮರಾಠಿಗಳಲ್ಲಿ ಬರೆದ ಚೀಟಿ ಇರಲಿ. ನೀರಿನ ಬಾಟಲಿಗೆ ಸುರಿದಿಡುವ ಅಭ್ಯಾಸವನ್ನಂತೂ ಮೊದಲ ದಿನವೇ ನಿಲ್ಲಿಸಬೇಕು.

ಎರಡು ಹಗ್ಗ, ಎರಡು ಆಧಾರ

ಎತ್ತರದ ಕೆಲಸದಲ್ಲಿ ರಾಜಿಗೆ ಅವಕಾಶವಿಲ್ಲ. ಕುಳಿತುಕೊಳ್ಳುವ ಹಗ್ಗ ಒಂದು, ಬಿದ್ದರೆ ತಡೆಯುವ ಹಗ್ಗ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಆಧಾರ ಇರಬೇಕು. ಟೆರೇಸಿನ ನೀರಿನ ಪೈಪು, ಡಿಶ್ ಆಂಟೆನಾದ ಕಂಬ, ತುಕ್ಕು ಹಿಡಿದ ರೇಲಿಂಗ್, ಬಿರುಕುಬಿಟ್ಟ ಪ್ಯಾರಾಪೆಟ್ ಇವು ಆಧಾರವಲ್ಲ. ಕಟ್ಟಡದ ಕಾಲಂ ಅಥವಾ ಬೀಮ್ ಮಾತ್ರ ನಂಬಿಕೆಗೆ ಯೋಗ್ಯ. ಹಗ್ಗ ಗೋಡೆಯ ಅಂಚಿಗೆ ಉಜ್ಜುವ ಕಡೆ ದಪ್ಪ ರಬ್ಬರ್ ಅಥವಾ ಕ್ಯಾನ್ವಾಸ್ ಹೊದಿಸಬೇಕು. ನೈಲಾನ್ ಹಗ್ಗ ಆಸಿಡ್, ಬ್ಲೀಚುಗಳಿಗೆ ಒಳಗಿಂದೊಳಗೇ ಸಡಿಲವಾಗುತ್ತದೆ. ಹೊರಗೆ ಚೆನ್ನಾಗಿ ಕಂಡರೂ ಔಷಧಿ ತಾಗಿದ ಹಗ್ಗವನ್ನು ಕತ್ತರಿಸಿ ಎಸೆಯುವುದೇ ಲಾಭ.

ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಸಾಲದು. ಐಎಸ್ 3521 ಗುರುತಿನ, ಪೂರ್ತಿ ಮೈಗೆ ತೊಡುವ ಹಾರ್ನೆಸ್ ಬೇಕು. ಐಎಸ್ 2925 ಗುರುತಿನ ಹೆಲ್ಮೆಟಿಗೆ ಗದ್ದದ ಪಟ್ಟಿ ಇರಲೇಬೇಕು. ಟೆರೇಸಿನಲ್ಲಿ ಹಗ್ಗ ನೋಡಿಕೊಳ್ಳುವವನು ಚಹಾಕ್ಕೆಂದು ಇಳಿಯುವುದಾದರೆ ಜೂಲಾದವನೂ ಇಳಿದಿರಬೇಕು. ಗಾಳಿ ಜೋರಾದಾಗ, ಗುಡುಗು ಕೇಳಿದಾಗ ಕೆಲಸ ನಿಲ್ಲಿಸಬೇಕು. ಹಗ್ಗದಲ್ಲಿ ಪ್ರಜ್ಞೆ ತಪ್ಪಿ ತೂಗುತ್ತಿರುವವನನ್ನು ಕೆಲವೇ ನಿಮಿಷಗಳಲ್ಲಿ ಇಳಿಸದಿದ್ದರೆ ರಕ್ತ ಕಾಲಿಗಿಳಿದು ಜೀವಕ್ಕೆ ಅಪಾಯ. ಹೇಗೆ ಇಳಿಸುವುದೆಂದು ಕೆಲಸ ಶುರುವಾಗುವ ಮೊದಲೇ ನಿರ್ಧರಿಸಿರಬೇಕು. ಅಗ್ನಿಶಾಮಕ ದಳದ 101, ಆಂಬುಲೆನ್ಸಿನ 108 ಎಲ್ಲರ ಬಾಯಲ್ಲಿರಲಿ.

ಹಗ್ಗ ಇಳಿಯುವ ದಿನ ಮತ್ತು ಸಮಯವನ್ನು ಸೊಸೈಟಿಯ ಸೂಚನಾ ಫಲಕದಲ್ಲಿ ಮುಂಚಿತವಾಗಿ ಹಾಕಿಸಬೇಕು. ಕಿಟಕಿ ಮುಚ್ಚಲು, ಬಟ್ಟೆ ಒಳಗೆ ತೆಗೆಯಲು, ಹಗ್ಗ ಮುಟ್ಟದಿರಲು ಮನೆಮಂದಿಗೆ ತಿಳಿಸಬೇಕು. ಕೆಳಗೆ ಮಕ್ಕಳು ಓಡಾಡದಂತೆ ಹಗ್ಗ ಕಟ್ಟಿ ಒಬ್ಬನನ್ನು ನಿಲ್ಲಿಸಬೇಕು.

ನೆಲದ ಮೇಲಿನ ಕೆಲಸದಲ್ಲೂ ಅಪಾಯ ಕಡಿಮೆಯಿಲ್ಲ. 100 ಬಾರ್ ಒತ್ತಡದ ಧಾರೆ ಚರ್ಮವನ್ನು ತೂರಿ ಒಳಹೋಗಬಲ್ಲದು. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಮಾಂಸಖಂಡ ಹಾಳಾಗಿರುತ್ತದೆ. ಅರಸಿನ ಹಚ್ಚಿ ಮನೆಗೆ ಕಳುಹಿಸದೆ ತಕ್ಷಣ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ದು, ಒತ್ತಡದ ನೀರಿನಿಂದ ಆದ ಗಾಯವೆಂದು ವೈದ್ಯರಿಗೆ ಬಿಡಿಸಿ ಹೇಳಬೇಕು. ಯಂತ್ರಕ್ಕೆ ವಿದ್ಯುತ್ ಪಡೆಯುವಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ. ವಯರಿನ ಜೋಡಣೆ ಒದ್ದೆ ನೆಲದಲ್ಲಿ ಬಿದ್ದಿರಬಾರದು.

ನೀರು ಎಲ್ಲಿಂದ, ಎಲ್ಲಿಗೆ?

ನಿಮಿಷಕ್ಕೆ 12 ಲೀಟರ್ ಎಳೆಯುವ ಯಂತ್ರ ಗಂಟೆಗೆ 720 ಲೀಟರ್ ಕುಡಿಯುತ್ತದೆ. ದಿನಕ್ಕೆ ಐದು ಗಂಟೆ ಧಾರೆ ಬಿಟ್ಟರೆ 3,600 ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಮೂರು ದಿನಕ್ಕೂ ಸಾಲದು. ಈ ಲೆಕ್ಕವನ್ನು ಕಮಿಟಿಗೆ ಮೊದಲೇ ಕೊಟ್ಟರೆ, ಟಾಕಿ ಖಾಲಿಯಾಯಿತೆಂದು ಮೂರನೇ ಮಹಡಿಯವರು ಕೂಗಾಡುವ ಪ್ರಸಂಗ ಬರುವುದಿಲ್ಲ. ಮಹಾನಗರ ಪಾಲಿಕೆ ಮೋರ್ಬೆ ಅಣೆಕಟ್ಟಿನಿಂದ ತರುವ ಕುಡಿಯುವ ನೀರನ್ನು ಎಪ್ರಿಲ್-ಮೇ ತಿಂಗಳಲ್ಲಿ ಗೋಡೆಗೆ ಸುರಿಯುವುದು ಯಾರಿಗೂ ಶೋಭಿಸದು. ತೊಳೆಯಲು ಅಕ್ಟೋಬರಿನಿಂದ ಜನವರಿಯೇ ಒಳ್ಳೆಯ ಕಾಲ.

ತೊಳೆದ ನೀರು ಹೋಗುವ ದಾರಿಯೂ ಮುಖ್ಯ. ನವಿಮುಂಬಯಿಯ ಮಳೆನೀರಿನ ಕಾಲುವೆಗಳು ಹೋಲ್ಡಿಂಗ್ ಪಾಂಡುಗಳ ಮೂಲಕ ಥಾಣೆ ಖಾರಿಯನ್ನು ಸೇರುತ್ತವೆ. ಈ ಖಾರಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಬ್ಲೀಚು, ಡಿಗ್ರೀಸರ್ ನೀರು ಮೀನು-ಹುಳಗಳಿಗೆ ವಿಷ. ಕಾಲುವೆಯ ಬಾಯಿಗೆ ಮರಳು ಚೀಲ ಇಟ್ಟು, ಆ ನೀರನ್ನು ಒಳಚರಂಡಿಗೆ ಹರಿಸುವ ಏರ್ಪಾಡು ಮಾಡಬೇಕು. ಹೊಟೇಲಿನವರು ಜಿಡ್ಡಿನ ನೀರನ್ನು ಗ್ರೀಸ್ ಟ್ರ್ಯಾಪ್ ಮೂಲಕವೇ ಬಿಡಬೇಕು. ಸ್ವಚ್ಛ ಸರ್ವೇಕ್ಷಣೆ 2023ರಲ್ಲಿ ದೇಶಕ್ಕೆ ಮೂರನೆಯದಾಗಿ ಬಂದ ನಗರವಿದು. ಒಂದು ಗೋಡೆ ಬೆಳಗಿಸಲು ಖಾರಿ ಕೆಡಿಸುವುದು ಆ ಹೆಸರಿಗೆ ತಕ್ಕುದಲ್ಲ.

"ಹಾಗೇ ಆ ಚೇಂಬರನ್ನೂ ನೋಡಿಬಿಡಿ"

ಗೋಡೆ ತೊಳೆಯಲು ಬಂದವರಿಗೆ ಸೊಸೈಟಿಯವರು ಚಿಲ್ಲರೆ ಹಣದ ಆಸೆ ತೋರಿಸಿ ಚರಂಡಿ ಚೇಂಬರ್, ಸೆಪ್ಟಿಕ್ ಟ್ಯಾಂಕ್ ಶುಚಿಗೊಳಿಸಲು ಹೇಳುವುದುಂಟು. ಇದಕ್ಕೆ ಖಂಡಿತವಾಗಿ ಇಲ್ಲವೆನ್ನಬೇಕು. ರಕ್ಷಣಾ ಸಾಧನ, ಸುರಕ್ಷಾ ಕ್ರಮಗಳಿಲ್ಲದೆ ಮನುಷ್ಯರನ್ನು ಅದರೊಳಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಒಳಚರಂಡಿ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂ. ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಆದೇಶಿಸಿದೆ. ವಿಷಾನಿಲ ಮುಚ್ಚಳ ತೆರೆದೊಡನೆ ಕಣ್ಣಿಗೆ ಕಾಣುವುದಿಲ್ಲ. ಮೊದಲು ಇಳಿದವನನ್ನು ಎತ್ತಲು ಹೋದ ಎರಡನೆಯವನೂ ಮೂರನೆಯವನೂ ಪ್ರಾಣ ಕಳೆದುಕೊಂಡ ಘಟನೆಗಳು ದೇಶದ ಹಲವೆಡೆ ನಡೆದಿವೆ. ಆ ಕೆಲಸ ಯಂತ್ರದ್ದು.

ಕಾಗದಪತ್ರ ಸರಿಯಿರಲಿ

ಬಾಯಿಮಾತಿನ ಗುತ್ತಿಗೆ ಕೊನೆಗೆ ಮನಸ್ತಾಪಕ್ಕೆ ದಾರಿ. ಯಾವ ಗೋಡೆ, ಎಷ್ಟು ಚದರ ಅಡಿ, ಚಜ್ಜಾ-ಡಕ್ಟ್ ಸೇರಿದೆಯೇ, ನೀರು-ವಿದ್ಯುತ್ ಯಾರದು, ಕೆಲಸದ ವೇಳೆ ಯಾವುದು, ಹಣ ಎಷ್ಟು ಕಂತಿನಲ್ಲಿ ಎಂಬುದು ಬರವಣಿಗೆಯಲ್ಲಿರಬೇಕು. ಮೊದಲಿದ್ದ ಬಿರುಕು, ಒಡೆದ ಗಾಜು, ಮಾಸಿದ ಬಣ್ಣದ ಫೋಟೊ ತಾರೀಕು ಸಹಿತ ಇಟ್ಟುಕೊಳ್ಳಬೇಕು. ಪಕ್ಕದವನು ಹೇಳಿದ ದರಕ್ಕಿಂತ ಒಂದು ರೂಪಾಯಿ ಕಡಿಮೆ ಎಂದು ಹೇಳುವ ಬದಲು ನಾಲ್ಕು ಜನ ಆರು ದಿನ ಎಂದರೆ 24 ಆಳು, ಅದಕ್ಕೆ ಔಷಧಿ, ನೀರು, ಯಂತ್ರದ ಸವೆತ, ಹಗ್ಗದ ಬದಲಾವಣೆ, ವಿಮೆ ಎಂದು ಕೂಡಿಸಿ ದರ ಕಟ್ಟಬೇಕು. ಹಾಗೆ ಕೂಡಿಸದವನು ಕೊನೆಗೆ ಉಳಿಸುವುದು ಎರಡನೆಯ ಹಗ್ಗದಲ್ಲಿ.

ಸೇವಾ ವ್ಯವಹಾರ ವರ್ಷಕ್ಕೆ 20 ಲಕ್ಷ ರೂ. ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಶುಚಿಗೊಳಿಸುವ ಸೇವೆಗೆ ದರ ಶೇ. 18. ಒಂದು ಬಿಲ್ಲು 30 ಸಾವಿರ ಅಥವಾ ವರ್ಷದ ಮೊತ್ತ ಒಂದು ಲಕ್ಷ ಮೀರಿದರೆ ಸೊಸೈಟಿ ಬಿಡಿ ವ್ಯಕ್ತಿಯ ಬಿಲ್ಲಿನಿಂದ ಶೇ. 1, ಕಂಪೆನಿ, ಪಾಲುದಾರಿಕೆ ಸಂಸ್ಥೆಗಳ ಬಿಲ್ಲಿನಿಂದ ಶೇ. 2 ತೆರಿಗೆ ಮುರಿದುಕೊಳ್ಳುತ್ತದೆ. ಪಾನ್ ಸಂಖ್ಯೆ ಕೊಟ್ಟು, ರಿಟರ್ನ್ ಸಲ್ಲಿಸಿದರೆ ಅದು ಲೆಕ್ಕಕ್ಕೆ ಸಿಗುತ್ತದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಇಎಸ್‌ಐ ಅನ್ವಯಿಸುತ್ತದೆ. ಅದಕ್ಕಿಂತ ಕಡಿಮೆ ಜನರಿದ್ದರೂ ಕಾರ್ಮಿಕ ಪರಿಹಾರ ವಿಮೆ ಮಾಡಿಸದೆ ಯಾರನ್ನೂ ಹಗ್ಗಕ್ಕೆ ಹತ್ತಿಸಬಾರದು. ಗುತ್ತಿಗೆ ಕೊಡುವ ಸೊಸೈಟಿ ಪದಾಧಿಕಾರಿಗಳೂ ಮೊದಲು ಕೇಳಬೇಕಾದುದು ದರವನ್ನಲ್ಲ, ವಿಮೆಯ ಪ್ರತಿಯನ್ನು.

ಸಂಘಗಳು ಮಾಡಬಹುದಾದುದು

18ರಿಂದ 70 ವರ್ಷದೊಳಗಿನ ಬ್ಯಾಂಕ್ ಖಾತೆದಾರರಿಗೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಡಿ ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷ ರೂ. ಅಪಘಾತ ವಿಮೆ ಸಿಗುತ್ತದೆ. 2021ರಲ್ಲಿ ಆರಂಭವಾದ ಇ-ಶ್ರಮ ನೋಂದಣಿ ಉಚಿತ. ಆದರೆ ಓದು-ಬರಹ ಅಷ್ಟಾಗಿ ಬಾರದ, ಮರಾಠಿ ಅರ್ಜಿ ತುಂಬಲು ಹಿಂಜರಿಯುವ ತಾಯ್ನಾಡಿನ ಕಾರ್ಮಿಕರಿಗೆ ಇವುಗಳ ಅರಿವು ಕಡಿಮೆ. ವಾಶಿ, ಜುಯಿನಗರ, ನೆರೂಲ್ ಪರಿಸರದಲ್ಲಿ ಸ್ವಂತ ಕಟ್ಟಡ, ಸಭಾಗೃಹಗಳುಳ್ಳ ಕನ್ನಡಿಗರ ಸಂಘ ಸಂಸ್ಥೆಗಳಿವೆ. ಯಕ್ಷಗಾನ, ವಾರ್ಷಿಕೋತ್ಸವ, ವೈದ್ಯಕೀಯ ಶಿಬಿರಗಳನ್ನು ಅಚ್ಚುಕಟ್ಟಾಗಿ ನಡೆಸುವ ಅನುಭವ ಅವುಗಳಿಗಿದೆ. ಮಳೆಗಾಲ ಕಳೆದ ಒಂದು ರವಿವಾರ ಅರ್ಧ ದಿನ ಬಿಡುವು ಮಾಡಿ, ಹಾರ್ನೆಸ್ ತೊಡುವ ರೀತಿ, ಔಷಧಿ ಬೆರೆಸುವ ಪ್ರಮಾಣಗಳನ್ನು ಕನ್ನಡದಲ್ಲಿ ತಿಳಿಸಿ, ಅಲ್ಲೇ ವಿಮೆಯ ಅರ್ಜಿ ತುಂಬಿಸಿಕೊಟ್ಟರೆ ಅದೊಂದು ಸಾರ್ಥಕ ಸೇವೆಯಾಗುವುದರಲ್ಲಿ ಎರಡು ಮಾತಿಲ್ಲ.

ದೀಪಾವಳಿಗೆ ಗೋಡೆ ಬೆಳ್ಳಗಾಗುವುದು ಒಳ್ಳೆಯದೇ. ಅದನ್ನು ತೊಳೆದವನೂ ಹಬ್ಬದ ರಜೆಗೆ ಊರಿನ ಬಸ್ಸು ಹತ್ತುವಂತಾಗಬೇಕು.